ತವರಿನ ದಿಮ್ಮಿ

ಮಾನಪ್ಪ ಬಡಿಗೇರ ಬಾಚಿಯ ಹಿಂಬದಿಯಿಂದ ದಿಮ್ಮಿಯನ್ನು ತಟ್ಟಿದ. ಇನ್ನೊಮ್ಮೆ ತಟ್ಟಿ, ಕಿವಿ ಹಚ್ಚಿ ಕೇಳಿದ. ಗೌರವ್ವ ಅವನ ಕೈಯನ್ನಲ್ಲ, ಮುಖವನ್ನೇ ನೋಡುತ್ತಿದ್ದಳು. ಬಡಿಗರು ಸುಳ್ಳು ಹೇಳುವುದಿದ್ದರೆ ಬಾಯಿಂದ ಹೇಳುತ್ತಾರೆ, ಮುಖಕ್ಕೆ ಆ ಕಸುಬು ಬರುವುದಿಲ್ಲ.

"ಹೆಂಗೈತಿ ಮಾನಪ್ಪಣ್ಣ? ತೊಟ್ಟಿಲ ಆಗತೈತಿಲ್ಲ?"

"ಒಡದ ನೋಡೂಣ ತಡಿ ಯವ್ವಾ."

ಆ ಬೇವಿನ ದಿಮ್ಮಿ ಅವಳ ಮದುವೆಯಲ್ಲಿ ತವರೂರು ಮಸಗುಪ್ಪಿಯಿಂದ ಚಕ್ಕಡಿಯೇರಿ ಬಂದದ್ದು. ಚೊಚ್ಚಲ ಕೂಸಿನ ತೊಟ್ಟಿಲು ತವರಿನದೇ ಆಗಬೇಕಲ್ಲ, ಮೊಮ್ಮಗನನ್ನು ಕಾಣುವ ಅವಸರ ತಡೆಯಲಾರದೆ ಅಪ್ಪ ಮರವನ್ನೇ ಮುಂಚಿತವಾಗಿ ಕಳಿಸಿಬಿಟ್ಟಿದ್ದ. "ಬಿಸಲಾಗ ಇಟ್ಟರ ಸೀಳತೈತಿ ಮಗಳ, ನೆಳ್ಳಾಗ ಇಡು" ಎಂದಿದ್ದ. ಅವಳು ಹಿತ್ತಲಿನ ನೆರಳಿನಲ್ಲಿಟ್ಟಳು. ಅದೂ ಸಾಲದೆಂದು ಬೇಸಿಗೆಯಲ್ಲಿ ಹಸಿ ಗೋಣಿ ಹೊದಿಸಿದಳು.

ಮಕ್ಕಳಾಗಲಿಲ್ಲ. ಗಂಡನೂರು ಮೇಲವಂಕಿಯ ಹಿರಿಯರು ಕೂತು ಮಾತಾಡಿ ಅವಳ ತಂಗಿ ಪಾರವ್ವನನ್ನೇ ಅವಳ ಗಂಡ ದುಂಡಪ್ಪನಿಗೆ ತಂದರು. ಎರಡನೆಯ ಮದುವೆಗೆ ಕಾಯ್ದೆ ಅಡ್ಡ ಬರುತ್ತದೆಂದು ಮದುವೆಯ ಅಕ್ಕಿಕಾಳು ಮನೆಯ ಪಡಸಾಲೆಯೊಳಗೇ ಗುಟ್ಟಾಗಿ ಬಿದ್ದವು. "ಹೊರಗಿನಾಕಿ ಬರೂದಕ್ಕಿಂತ ನಮ್ಮ ಹುಡುಗಿನ ಬರಲಿ" ಎಂದವಳು ಗೌರವ್ವನೇ. ಅಂದಳು, ನಿಜ. ಅಂದ ದಿನದಿಂದ ಅವಳಿಗೆ ಅನ್ನ ರುಚಿಸಿರಲಿಲ್ಲ.

ಈಗ ಪಾರವ್ವನಿಗೆ ದಿನ ತುಂಬಿದ್ದವು. ಅಪ್ಪ ತೀರಿಕೊಂಡು ಮಸಗುಪ್ಪಿಯ ಮನೆಗೆ ಬೀಗ ಬಿದ್ದಿತ್ತು. ತವರೆಂದರೆ ಇನ್ನು ಅಕ್ಕನೇ. "ತೊಟ್ಟಿಲ ನಂದು" ಎಂದು ಗೌರವ್ವ ಗಂಡನಿಗೆ ಮೊದಲೇ ಹೇಳಿಟ್ಟಿದ್ದಳು. ಹೆರಲಾಗದಿದ್ದರೇನು, ಕೂಸು ಮಲಗುವುದು ತನ್ನ ಕಟ್ಟಿಗೆಯಲ್ಲಿ. ಅಷ್ಟಾದರೆ ಈ ಮನೆಯಲ್ಲಿ ತನಗೂ ಒಂದು ಜಾಗ ಇರುತ್ತದೆ ಎಂದುಕೊಂಡಿದ್ದಳು.

ಅದಕ್ಕೇ ದಿಮ್ಮಿಯನ್ನು ಕಣ್ಣಿಟ್ಟು ಕಾಯ್ದಿದ್ದಳು. ಮಳೆಗಾಲ ಬಂತೆಂದರೆ ತೊಗಟೆಯ ಸಂದಿನಿಂದ ಕಪ್ಪನೆಯ ಪುಟ್ಟ ಹುಳಗಳು ಹೊರಬೀಳುತ್ತಿದ್ದವು. ಎಣ್ಣೆ ಹಚ್ಚಿದಂತೆ ಹೊಳೆಯುವ ಮೈ, ಓಡುವುದರಲ್ಲಿ ಬಲು ಚುರುಕು. ದಿಮ್ಮಿ ತಿನ್ನುವ ಕಳ್ಳರು ಇವೇ ಎಂದು ಗೌರವ್ವ ಸಿಕ್ಕ ಒಂದನ್ನೂ ಬಿಡಲಿಲ್ಲ. ಹೆಬ್ಬೆರಳಿನಿಂದ ಹೊಸಕಿದಳು, ಸಂದಿಗೆ ಚಿಮಣಿ ಎಣ್ಣೆ ಸುರಿದಳು. ಸತ್ತವನ್ನು ಗುಡಿಸಿ ಚೆಲ್ಲುವಾಗ ಅವಳಿಗೆ ಎಂಥದೋ ನೆಮ್ಮದಿಯಾಗುತ್ತಿತ್ತು.

ಮಾನಪ್ಪ ಬೆಣೆಯಿಟ್ಟು ಹೊಡೆದ. ಎರಡನೆಯ ಪೆಟ್ಟಿಗೇ ದಿಮ್ಮಿ ಸದ್ದಿಲ್ಲದೆ ತೆರೆದುಕೊಂಡಿತು. ಒಳಗೆಲ್ಲ ಪುಡಿ. ಕೊರೆದ ತೂತುಗಳ ತುಂಬ ಕೊಬ್ಬಿದ ಬಿಳಿ ಹುಳಗಳು ಹೊರಳುತ್ತಿದ್ದವು. ಅವುಗಳ ನಡುವೆ ಒಂದೇ ಒಂದು ಕಪ್ಪು ಹುಳ. ಬೆಳಕು ಬಿದ್ದರೂ ಅದು ಓಡಲಿಲ್ಲ. ಬಿಳಿಯದೊಂದರ ಕುತ್ತಿಗೆಗೆ ಬಾಯಿ ಹಾಕಿ, ತನಗಿಂತ ದೊಡ್ಡದಾದ ಅದನ್ನು ಹಿಂದಹಿಂದಕ್ಕೆ ಎಳೆಯುತ್ತಿತ್ತು.

"ಈ ಕರೇದು..." ಗೌರವ್ವ ತಡೆದಳು. "ಇದು ಕಟಗಿ ತಿನ್ನೂದಿಲ್ಲೇನು?"

"ಇದ್ಯಾಕ ತಿಂತೈತಿ? ಇದು ತಿನ್ನೂದು ಆ ಬಿಳೇ ಹುಳಾನ ನೋಡವಾ. ಇಂಥಾವು ಇನ್ನಷ್ಟು ಇದ್ದಿದ್ರ ನಿನಗ ಹಲಗಿಯರ ಉಳೀತಿದ್ದೂವು."

ಮಾನಪ್ಪ ಕೆಟ್ಟವನಲ್ಲ. ಅವಳ ಹೆಬ್ಬೆರಳಿನ ಕಥೆ ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಗೌರವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಚಕ್ಕಡಿಯ ಮೂಕಿ ಹಿಡಿದು ನಗುತ್ತ ನಿಂತಿದ್ದ ಅಪ್ಪ ಕಣ್ಣ ಮುಂದೆ ಬಂದ.

ದುಂಡಪ್ಪ ಗೋಕಾಕಿಗೆ ಹೋಗಿ ಬಣ್ಣದ ತೊಟ್ಟಿಲು ತಂದ. ನಾಲ್ಕು ಮೂಲೆಗೂ ಗಿಳಿಗಳಿದ್ದವು. ಹುಟ್ಟಿದ್ದು ಗಂಡು. ಹೆಸರಿಡುವ ದಿನ ಬಂದ ಹೆಂಗಸರೆಲ್ಲ ಗಿಳಿಗಳನ್ನು ಮುಟ್ಟಿ ಮುಟ್ಟಿ ಹೊಗಳಿದರು. "ತವರ ಮನಿದೇನ?" ಎಂದು ಒಬ್ಬಾಕೆ ಕೇಳಿದಳು. ಬಾಜೂ ಕೂತವಳು ಅವಳ ತೊಡೆ ಚಿವುಟಿದ್ದನ್ನು ಗೌರವ್ವ ನೋಡಿಯೂ ನೋಡದಂತೆ ಎಲೆ ಅಡಿಕೆ ಹಂಚಿದಳು.

ಒಡೆದ ದಿಮ್ಮಿ ಬಾಣಂತಿಯ ನೀರಿಗೆ ಉರುವಲಾಯಿತು. ಹಂಡೆಯ ಒಲೆಯ ಮುಂದೆ ಕೂರುವ ಕೆಲಸ ಗೌರವ್ವನದೇ. ಟೊಳ್ಳು ಕಟ್ಟಿಗೆ, ಭರಭರ ಉರಿದು ಬೇಗ ಬೂದಿಯಾಗುತ್ತಿತ್ತು. ಒಂದು ಮುಂಜಾನೆ ಕಡೆಯ ಸೀಳನ್ನು ಒಲೆಯ ಬಾಯಿಗೆ ಹಿಡಿದಾಗ, ಬಿಸಿ ತಾಗಿ ಸಂದಿನಿಂದ ಒಂದು ಕಪ್ಪು ಹುಳ ಹೊರಬಂದು ಅವಳ ಬೆರಳು ಹತ್ತಿತು. ಇನ್ನೊಂದು ಕೈಯ ಹೆಬ್ಬೆರಳು ರೂಢಿಯಂತೆ ಅದರ ಬೆನ್ನ ಮೇಲೆ ಹೋಯಿತು. ಒತ್ತಲಿಲ್ಲ.

ಒಳಗೆ ಕೂಸು ಅಳುತ್ತಿತ್ತು. "ಅಕ್ಕಾ, ನೀರ ಕಾದಾವೇನ?" ಎಂದು ಪಾರವ್ವ ಕೇಳಿದಳು.

"ಕಾಯಾಕತ್ತಾವು, ತಡಿ."

ಒಲೆ ಆರುತ್ತಿತ್ತು. ಗೌರವ್ವ ಸೀಳನ್ನು ಹೊರಗೆಳೆದು ಹಿತ್ತಲಿನ ಅದೇ ನೆರಳಿಗೆ ಒಯ್ದಿಟ್ಟಳು. ಹುಳ ಸಂದಿಗೆ ಇಳಿಯುವವರೆಗೂ ಬೆರಳನ್ನು ಅಲುಗಿಸಲಿಲ್ಲ. ಆಮೇಲೆ ಹಳೆಯ ಗೋಣಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಸೀಳಿನ ಮೇಲೆ ಹೊದಿಸಿದಳು. ಎರಡೂ ಬದಿ ಮೆಲ್ಲಗೆ ಒತ್ತಿ, ತಲೆಯ ಕಡೆ ಮಾತ್ರ ಗಾಳಿಗೆ ತೆರೆದಿಟ್ಟಳು.