ಹತ್ತೊಂಬತ್ತನೇ ಅಧ್ಯಾಯದ ಸೇತುವೆ

ಸಾಹಿತಿಯ ಹಿಂದಿನ ಕಾದಂಬರಿಯಲ್ಲಿ ಜಲಾಂತರ್ಗಾಮಿಯ ಕ್ಯಾಪ್ಟನ್ ಸಮುದ್ರದ ತಳದಲ್ಲಿ ಕಿಟಕಿ ತೆಗೆದು ಸಿಗರೇಟಿನ ಬೂದಿ ಕೊಡವಿದ್ದ. ಅದೊಂದು ಸಾಲಿಗೆ ಇನ್ನೂರ ಹನ್ನೊಂದು ಪತ್ರ ಬಂದವು. ಪುಸ್ತಕ ಅಷ್ಟು ಮಾರಾಟವೇ ಆಗಿರಲಿಲ್ಲ. ಜನ ಎರವಲು ತಂದು ಓದಿ ಬೈದಿದ್ದರು. ಅಂದಿನಿಂದ ಪ್ರಕಾಶಕರದ್ದು ಒಂದೇ ಹಟ. ಯುದ್ಧ ಬರುವ ಅಧ್ಯಾಯದ ಕೆಳಗೆ ಸೇನೆಯಲ್ಲಿದ್ದವರೊಬ್ಬರು ‘ಸರಿಯಿದೆ’ ಎಂದು ಸಹಿ ಹಾಕಬೇಕು. ಹೊಸ ಕಾದಂಬರಿಯ ಕೊನೆಯ ಅಧ್ಯಾಯ, ಹತ್ತೊಂಬತ್ತನೆಯದು, ಸಹಿ ಸಮೇತ ಸೋಮವಾರ ಕೈ ಸೇರದಿದ್ದರೆ ಅದರ ಜಾಗದಲ್ಲಿ ಕುಂಡದಲ್ಲಿ ಕಳ್ಳಿಗಿಡ ಬೆಳೆಸುವ ಪುಸ್ತಕ ಅಚ್ಚಿಗೆ ಹೋಗುತ್ತದೆ.

ಸಾಹಿತಿಗೆ ಗೊತ್ತಿದ್ದ ಸೈನಿಕರು ಒಬ್ಬರೇ, ಹೆಂಡತಿಯ ಅಣ್ಣ. ಭಾವ ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದದ್ದು ನಿಜ. ಅಷ್ಟೂ ವರ್ಷ ಉಗ್ರಾಣದ ಕಂಬಳಿ ವಿಭಾಗದಲ್ಲಿ ಇದ್ದದ್ದೂ ನಿಜ. ಬಂದೂಕನ್ನು ಅವರು ನೋಡಿದ್ದರು, ಬೀಗ ಹಾಕಿದ ಕಪಾಟಿನಲ್ಲಿ.

ಅಧ್ಯಾಯ ಇಷ್ಟೇ. ಒಬ್ಬರ ಹಿಂದೊಬ್ಬರು ಮಾತ್ರ ಹೋಗಬಹುದಾದ ತೂಗುಸೇತುವೆ. ನೂರಿಪ್ಪತ್ತು ಸೈನಿಕರು ನಲವತ್ತು ನಿಮಿಷದಲ್ಲಿ ದಾಟುತ್ತಾರೆ. ಎಲ್ಲರನ್ನೂ ದಾಟಿಸಿ ಕೊನೆಗೆ ಹೊರಟ ಕ್ಯಾಪ್ಟನ್ ನಡುಸೇತುವೆಯಲ್ಲಿ ಗುಂಡು ತಿಂದು ಬೀಳುತ್ತಾನೆ. ಆ ಒಂದು ಸಾವಿಗಾಗಿಯೇ ಸಾಹಿತಿ ಹದಿನೆಂಟು ಅಧ್ಯಾಯ ಬರೆದಿದ್ದ.

ಭಾವ ಓದಿ ಕನ್ನಡಕ ಹಣೆಗೇರಿಸಿದರು. "ನಲವತ್ತು ನಿಮಿಷ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಭಾವ, ನಾನೇ ಬರ್ದೆ."

"ಕಂಬಳಿ ಯಾವಾಗ ಕೊಟ್ರಿ?"

"ಯಾರಿಗೆ?"

"ಇನ್ಯಾರಿಗೆ, ನಿಮ್ಮ ಸೈನಿಕರಿಗೆ ಕಣ್ರೀ! ಆ ದಡದಲ್ಲಿ ಕೊರೆಯೋ ಚಳಿ ಅಂತ ನೀವೇ ಬರ್ದಿದ್ದೀರಿ. ಬರಿಗೈಲಿ ಕಳಿಸಿಬಿಟ್ರಾ?"

ಸಾಹಿತಿಯ ಹೆಂಡತಿ ಒಳಗಿಂದ ಬಂದಳು. "ಅಣ್ಣಾ, ಸುಮ್ನೆ ಸಹಿ ಹಾಕೋ. ಈ ಮನುಷ್ಯ ಮೂರು ವಾರದಿಂದ ನನ್ನ ಊಟದ ಮೇಜನ್ನ ನದಿ ಮಾಡ್ಕೊಂಡು ಕೂತಿದ್ದಾರೆ. ನಾವೆಲ್ಲ ದಡದಲ್ಲಿ ನಿಂತು ಉಣ್ತಾ ಇದೀವಿ."

"ಸುಳ್ಳಿಗೆ ಸಹಿ ಹಾಕೋನಲ್ಲಮ್ಮ ನಾನು. ಮಾಡಿ ತೋರ್ಸಲಿ, ಹಾಕ್ತೀನಿ."

ಮಾಡಿ ತೋರಿಸುವುದೆಂದರೆ ಸೇತುವೆ ಬೇಕಲ್ಲ. ಅವರಿದ್ದ ಆರು ಮಹಡಿಯ ಕಟ್ಟಡಕ್ಕೆ ಹಿಂದುಗಡೆ ಒಂದು ಮೆಟ್ಟಿಲಿತ್ತು. ದಪ್ಪಗಿರುವವರು ಅಡ್ಡ ತಿರುಗಿ ಇಳಿಯಬೇಕು, ಅಷ್ಟು ಕಿರಿದು. ಭಾನುವಾರ ಬೆಳಿಗ್ಗೆ ಸಾಹಿತಿ ಮನೆಮನೆ ಬಾಗಿಲು ತಟ್ಟಿದ. ಲಿಫ್ಟ್ ಕೆಟ್ಟು ಹದಿನೈದು ದಿನ ಆಗಿತ್ತು. ಹೇಗೂ ಮೆಟ್ಟಿಲು ಇಳಿಯಲೇಬೇಕು, ದೇಶಕ್ಕಾಗಿ ಇಳಿದರೇನು ನಷ್ಟ ಅಂತ ನಲವತ್ತೆಂಟು ಜನ ತಾರಸಿಗೆ ಬಂದರು. ಮೀಸೆ ಇದ್ದ ಕಾರಣಕ್ಕೆ ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಕ್ಯಾಪ್ಟನ್ ಆದರು. ವಿಮೆ ಏಜೆಂಟ್ ಮತ್ತು ಅವನ ಇಬ್ಬರು ಷಡ್ಡಕರು ಶತ್ರುಗಳು. ಅವರು ಕೆಳಗೆ ಕಾರು ನಿಲ್ಲಿಸುವಲ್ಲಿ ಕೂತಿದ್ದು, ಸರಿಯಾಗಿ ನಲವತ್ತನೇ ನಿಮಿಷಕ್ಕೆ ಸೀಟಿ ಊದಿ ಮೇಲೆ ಬೀಳಬೇಕು.

ತಾರಸಿಯ ಬಾಗಿಲಿಗೆ ಅಡ್ಡಲಾಗಿ ಭಾವ ಒಂದು ಮೇಜು ಹಾಕಿಕೊಂಡು ಕೂತರು. ಬಾಡಿಗೆಗೆ ತರಿಸಿದ ಕಂಬಳಿ ತಲೆಗೊಂದು, ಒಂದು ಬನ್, ಒಂದು ಸಹಿ. ಸಹಿ ನಂಬುವ ಹಾಗಿಲ್ಲವಾದ್ದರಿಂದ ಪಕ್ಕದಲ್ಲಿ ಹೆಬ್ಬೆಟ್ಟು.

"ಎತ್ತರ ಹೇಳಿ."

"ಕಂಬಳಿಗೆ ಎಂಥ ಎತ್ತರ ಸಾರ್?" ಅಂದಳು ಸಂಗೀತದ ಟೀಚರ್.

"ಕಾಲು ಹೊರಗೆ ಬಂದ್ರೆ ಆಮೇಲೆ ನನ್ನ ಕೇಳ್ತೀರಿ. ಹೇಳೀಮ್ಮ."

ನಲವತ್ತು ನಿಮಿಷ ಆದಾಗ ಮೂವರಿಗೆ ಕಂಬಳಿ ಸಿಕ್ಕಿತ್ತು. ಕೆಳಗಿಂದ ಸೀಟಿ ಕೇಳಿಸಿತು. ಯಾರೂ ಇಳಿಯಲಿಲ್ಲ. ಇನ್ನೊಂದು ಸೀಟಿ. ಒಂದೂವರೆ ತಾಸು ಕಾದು, ಸಿಟ್ಟು ನೆತ್ತಿಗೇರಿ, ಶತ್ರುಪಡೆ ಏದುಸಿರು ಬಿಡುತ್ತಾ ತಾನೇ ಮೇಲೆ ಹತ್ತಿ ಬಂತು.

"ಏನ್ರೀ ಇದು, ಯುದ್ಧ ಇದ್ಯೋ ಇಲ್ವೋ?"

ಭಾವ ತಲೆ ಎತ್ತಲಿಲ್ಲ. "ಯಾವ ಪಡೆ?"

"ಶತ್ರು!"

"ಶತ್ರುಗಳದ್ದು ಬೇರೆ ಕ್ಯೂ. ಎಡಗಡೆ ನಿಲ್ಲಿ."

ನಿಂತರು. ಬನ್ನಿನ ವಾಸನೆ ಹಾಗಿತ್ತು. ಕಾಯುವ ಹೊತ್ತಲ್ಲಿ ವಿಮೆ ಏಜೆಂಟ್ ಪಕ್ಕದ ಸಾಲಿನ ಇಬ್ಬರಿಗೆ ಜೀವವಿಮೆಯ ಲಾಭ ವಿವರಿಸಿದ. ಕೊಲ್ಲಲು ಬಂದವನ ಬಾಯಿಂದ ಬಂದದ್ದಕ್ಕೋ ಏನೋ, ಇಬ್ಬರಿಗೂ ಚೆನ್ನಾಗಿ ನಾಟಿತು.

ಕೊನೆಯವರಾಗಿ ಡಾಕ್ಟರು ಕೆಳಗಿಳಿದಾಗ ಐದು ಗಂಟೆ ಹತ್ತು ನಿಮಿಷ ಆಗಿತ್ತು. ಭಾವನ ಕಣ್ಣಲ್ಲಿ ನೀರು. "ಈಗ ಸರಿ ಬಂತು ನೋಡಿ. ಹೀಗೇ ಇರೋದು ಕಣ್ರೀ ಸೇನೆ! ಇದನ್ನೇ ಬರೀರಿ, ಕಣ್ಮುಚ್ಚಿ ಸಹಿ ಹಾಕ್ತೀನಿ."

"ಶತ್ರುನೂ ಕ್ಯೂನಲ್ಲಿ ನಿಂತ್ರೆ ನನ್ನ ಕ್ಯಾಪ್ಟನ್‌ಗೆ ಗುಂಡು ಹೊಡೆಯೋರು ಯಾರು ಭಾವ?"

"ಯಾರಾದ್ರೂ ಹೊಡೀಲಿ. ಮೊದ್ಲು ಅವನ ಕಂಬಳಿ ವಾಪಸ್ ಬರ್ಲಿ. ನನ್ನ ಇಪ್ಪತ್ತೆರಡು ವರ್ಷದಲ್ಲಿ ಕಂಬಳಿ ವಾಪಸ್ ಕೊಡದೆ ಒಬ್ಬನೂ ಸತ್ತಿಲ್ಲ."

ಉಳಿದವರೆಲ್ಲ ಕೊಟ್ಟಾಗಿತ್ತು. ಕ್ಯಾಪ್ಟನ್ ಮಾತ್ರ ಕೊಟ್ಟಿರಲಿಲ್ಲ. ಸಾಹಿತಿ ಒಂದೇ ಉಸಿರಿಗೆ ಮೂರನೇ ಮಹಡಿಗೆ ಓಡಿದ. ಡಾಕ್ಟರು ಕಂಬಳಿ ಹೊದ್ದುಕೊಂಡೇ ಬಾಗಿಲು ತೆಗೆದರು.

"ಡಾಕ್ಟ್ರೇ, ಆ ಕಂಬಳಿ..."

"ಕೊಟ್ರೆ ಏನಾಗುತ್ತೆ ಅಂತ ನಂಗೊತ್ತು. ನಿಮ್ಮ ಭಾವ ಹೇಳಿದ್ದು ಮೆಟ್ಟಿಲಿಗೆಲ್ಲ ಕೇಳಿಸ್ತು."

"ನಿಮಗೇನೂ ಆಗಲ್ಲ ಸಾರ್! ಸಾಯೋದು ಕಥೇಲಿ."

"ಹಲ್ಲು ಕೀಳೋಕೆ ಮುಂಚೆ ನಾನೂ ಏನೂ ಆಗಲ್ಲ ಅಂತಲೇ ಹೇಳೋದು."

"ಹೋಗ್ಲಿ, ಸಾಯೋದು ಬೇಡ. ಒಂದು ಗಾಯ? ಎಡ ಭುಜಕ್ಕೆ?"

"ಹಲ್ಲು ಕೀಳೋಕೆ ಎರಡೂ ಭುಜ ಬೇಕು."

ಒಳಗಿಂದ ಡಾಕ್ಟರ ತಾಯಿ ಕೂಗಿದರು: "ಕೊಡ್ಬೇಡ ಮಗಾ! ಹದಿನೆಂಟು ಅಧ್ಯಾಯದಿಂದ ಹೊಂಚು ಹಾಕ್ಕೊಂಡು ಕೂತಿದ್ದಾನಂತೆ ಆ ಮನುಷ್ಯ!"

ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಸಾಹಿತಿ ಅಲ್ಲೇ ಮೆಟ್ಟಿಲ ಮೇಲೆ ಕೂತ. ಬೈಗುಳ ಅವನಿಗೆ ಹೊಸದಲ್ಲ. ಆದರೆ ತನ್ನ ಕ್ಯಾಪ್ಟನ್‌ಗೆ ತಾಯಿ ಇದ್ದಾಳೋ ಇಲ್ಲವೋ ಅಂತ ಹದಿನೆಂಟು ಅಧ್ಯಾಯದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲವಲ್ಲ ಅನ್ನುವುದು ಈಗ ಹೊಳೆಯಿತು. ಆ ಬಡಪಾಯಿ ಬಿಸಿಲಲ್ಲಿ ನಡೆದಿದ್ದ, ಕೆಸರಲ್ಲಿ ತೆವಳಿದ್ದ, ಹೇಳಿದ್ದನ್ನೆಲ್ಲ ಮಾಡಿದ್ದ. ಇದೆಲ್ಲ ಯಾತಕ್ಕೆ ಅಂತ ಒಂದು ಮಾತು ಎದುರಾಡಿರಲಿಲ್ಲ.

ಎದ್ದು ಮನೆಗೆ ಹೋಗಿ ಬರೆಯಲು ಕೂತ. ಅರವತ್ತಮೂರು ಪುಟ, ಬರೀ ಕ್ಯೂ. ಕೊನೆಯ ಪುಟದಲ್ಲಿ ಕ್ಯಾಪ್ಟನ್ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಸೇತುವೆ ದಾಟುತ್ತಾನೆ. ದಾಟಿ, ಆಚೆ ದಡದಲ್ಲಿ ಕೂತು ಬೂಟು ಬಿಚ್ಚುತ್ತಾನೆ.

ಸೋಮವಾರ ಬೆಳಿಗ್ಗೆ ಭಾವ ಸಾಲುಸಾಲಿಗೂ ಬೆರಳಿಟ್ಟು ಓದಿ, ಸಹಿ ಹಾಕಿ, ಪಕ್ಕದಲ್ಲಿ ಹೆಬ್ಬೆಟ್ಟೂ ಒತ್ತಿದರು. ಸಂಜೆ ಪ್ರಕಾಶಕರ ಫೋನ್ ಬಂತು.

"ಏನ್ರೀ ಇದು, ಯುದ್ಧ ಎಲ್ಲಿ?"

"ಸಹಿ ಇದೆಯಲ್ಲ ಸಾರ್?"

"ಇದೆ."

"ಮತ್ತೆ?"

ಆ ಕಡೆ ಬಹಳ ಹೊತ್ತು ಬರೀ ಪುಟ ಮಗುಚುವ ಸದ್ದು. ಆಮೇಲೆ ಪ್ರಕಾಶಕರು ದನಿ ತಗ್ಗಿಸಿ ಕೇಳಿದರು: "ಅಲ್ಲ, ಕ್ಯಾಪ್ಟನ್ ಕೊನೆಗೆ ಬಂದನಲ್ಲ... ಅವನಿಗೆ ಬನ್ ಉಳಿದಿತ್ತಾ?"

"ಅರ್ಧ ಇತ್ತು ಸಾರ್."

"ಸದ್ಯ," ಅಂದು ಅವರು ಫೋನ್ ಇಟ್ಟರು.