ಉಪ್ಪು ಹಾಕಿದ ಗುರುತು

ಸಾರು ಕುದಿಯುತ್ತಿತ್ತು. ಕೊಪ್ಪರಿಗೆಯ ಮುಚ್ಚಳದ ಮೇಲೆ ಬಾಳೆ ಎಲೆಯ ತುಂಡು ಇರಲಿಲ್ಲ. ಯಜ್ಞೇಶ್ವರನ ಎದೆ ಧಸಕ್ಕೆಂದಿತು.

ಒಂದು ತುಂಡು ಎಲೆಗೆ ಇಷ್ಟು ಗಾಬರಿಯೇ ಎಂದು ಯಾರಾದರೂ ನಗಬಹುದು. ನಗಲಿ. ಈಶ್ವರಮಂಗಲದಿಂದ ಸುಳ್ಯದವರೆಗೆ ಮದುವೆ, ಉಪನಯನ, ಪೂಜೆ, ಯಾವ ಜೆಂಬರವೇ ಇರಲಿ, ಜನ ಮೊದಲು ಫೋನ್ ಮಾಡುವುದು ಈ ಅಡುಗೆಯವನಿಗೆ. ಬೇಸಿಗೆಯಲ್ಲಿ ಪುತ್ತೂರಿನ ಒಂದು ಮದುವೆಯಲ್ಲಿ ಅನ್ನ ಬಸಿದ ಗಂಜಿನೀರಿನ ಮೇಲೆ ಕಾಲಿಟ್ಟು ಜಾರಿ, ಒಲೆಯ ಕಲ್ಲಿಗೆ ತಲೆ ಕುಟ್ಟಿಕೊಂಡಿದ್ದ. ರಕ್ತ ಬರಲಿಲ್ಲ, ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ಮಾತ್ರ, ಒಳಗೆ ಮಿದುಳು ಅಲುಗಿದೆ, ಕೆಲವು ತಿಂಗಳು ನಿದ್ದೆ ಮತ್ತು ನೆನಪು ಎರಡೂ ಕೈಕೊಡಬಹುದು ಎಂದಿದ್ದರು. ನೋಡಲು ಬಂದ ನೆಂಟರು ಇದರಲ್ಲಿ ತಮಗೆ ಬೇಕಾದಷ್ಟನ್ನು ಮಾತ್ರ ಕೇಳಿಸಿಕೊಂಡರು. "ಸ್ಕ್ಯಾನಿಂಗಲ್ಲಿ ಎಂತ ಇಲ್ಲ ಅಲ್ವಾ, ಮತ್ತೆ ಎಂತ ಹೆದರುದು?" ಎಂದು ಕಾಫಿ ಕುಡಿದು ಹೋದರು.

ಹೆದರುವುದಕ್ಕೆ ಬೇಕಾದಷ್ಟಿತ್ತು. ರಾತ್ರಿಯಿಡೀ ಅವನಿಗೆ ಕಣ್ಣು ಮುಚ್ಚುತ್ತಿರಲಿಲ್ಲ. ಹಗಲಲ್ಲಿ ಕೂತಲ್ಲೇ ತೂಕಡಿಕೆ. ಐನೂರು ಜನರ ಸಾಂಬಾರಿಗೆ ಕೊತ್ತಂಬರಿ ಎಷ್ಟು ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದ. ಈಗ ತಾನೇ ಕಾಫಿ ಕುಡಿದಿರಾ ಎಂದು ಕೇಳಿದರೆ ಮಾತ್ರ ಲೋಟದ ತಳ ನೋಡಿ ಹೇಳಬೇಕಾಗುತ್ತಿತ್ತು. ಹಳೆಯದೆಲ್ಲ ಗಟ್ಟಿಯಾಗಿತ್ತು, ನಿಲ್ಲದೆ ಜಾರುತ್ತಿದ್ದದ್ದು ಆಗಷ್ಟೇ ಮಾಡಿದ ಕೆಲಸ.

ಇದನ್ನು ಅವನು ಹೆಂಡತಿ ಕೌಸಲ್ಯಾಳಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಮರೆವಿನ ಅಡುಗೆಯವನನ್ನು ಯಾರು ಕರೆಯುತ್ತಾರೆ? ಒಂದು ಮನೆಯಲ್ಲಿ ಅಡುಗೆ ಕೆಟ್ಟರೆ ಸಾಕು, ಸುದ್ದಿ ಅವನಿಗಿಂತ ಮೊದಲು ಮುಂದಿನ ಮನೆ ತಲುಪುತ್ತದೆ. ಅದಕ್ಕೇ ಅಜ್ಜಾವರದ ಹರಿಪ್ರಸಾದರ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಕರೆ ಬಂದಾಗ ಕೌಸಲ್ಯಾ ಬೇಡವೆಂದರೂ ಕೇಳದೆ ಒಪ್ಪಿಕೊಂಡ. ಪೆಟ್ಟು ಬಿದ್ದ ಮೇಲೆ ಇದೇ ಮೊದಲ ಕೆಲಸ.

"ಉಪ್ಪು ಮರೆತ್ರೆ ಎಂತ ಮಾಡ್ತೀರಿ?" ಎಂದು ಅವಳು ಕೇಳಿದ್ದಳು.

"ಅದಕ್ಕೆ ನನ್ನ ಹತ್ರ ಉಪಾಯ ಉಂಟು" ಎಂದು ಇವನು ಜಂಬದಿಂದಲೇ ಹೇಳಿದ್ದ.

ಅವಳು ಉಪ್ಪನ್ನೇ ಕೇಳಿದ್ದು ಸುಮ್ಮನೆ ಅಲ್ಲ. ನೈವೇದ್ಯ ಆಗುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ, ನೋಡಿದರೆ ಎಂಜಲು. ಹುಳಿ, ಖಾರವನ್ನು ಬಣ್ಣ ನೋಡಿ, ವಾಸನೆ ಹಿಡಿದು ಅಂದಾಜು ಮಾಡಬಹುದು. ಉಪ್ಪಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಕಿದ್ದು ಹಾಕಿದವನಿಗೆ ನೆನಪಿರಬೇಕು, ಅಷ್ಟೆ. ಯಜ್ಞೇಶ್ವರನ ಅಪ್ಪ ಕಲಿಸಿದ್ದೂ ಹಾಗೆಯೇ.

ಅವನ ಉಪಾಯ ಇಷ್ಟೇ: ಉಪ್ಪು ಹಾಕಿದ ಕೂಡಲೇ ಮುಚ್ಚಳದ ಮೇಲೊಂದು ಬಾಳೆ ಎಲೆಯ ತುಂಡು ಇಡುವುದು. ಸಾಂಬಾರಿನ ಮೇಲೆ ಇತ್ತು, ಪಲ್ಯದ ಮೇಲೆ ಇತ್ತು. ಬೆಳಗಿನ ಬೆಂಕಿಯ ಹಿತಕ್ಕೆ ಸ್ಟೂಲಿನ ಮೇಲೆ ಒಂದು ಗಳಿಗೆ ಜೊಂಪು ಹತ್ತಿತು. ಎಚ್ಚರವಾಗಿ ನೋಡಿದರೆ ಸಾರಿನ ಮೇಲೆ ಎಲೆ ಇಲ್ಲ.

ಉಪ್ಪು ಹಾಕಿರಲಿಲ್ಲವೇ, ಅಥವಾ ಹಾಕಿ ಇಟ್ಟ ಎಲೆ ಬಿದ್ದುಹೋಯಿತೇ? ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದ. ಮುಷ್ಟಿ ತುಂಬ ಕಲ್ಲುಪ್ಪು ಕಣ್ಣೆದುರು ಬಂತು, ಆದರೆ ಅದು ಇವತ್ತಿನದೋ, ಹೋದ ವರ್ಷದ ಯಾವುದೋ ಮದುವೆಯದೋ ಯಾರಿಗೆ ಗೊತ್ತು? ಸಾವಿರ ಸಲ ಮಾಡಿದ ಕೆಲಸದ ದೊಡ್ಡ ತೊಂದರೆಯೇ ಇದು.

"ರಾಧಾಕೃಷ್ಣಾ, ಸಾರಿನ ಮುಚ್ಚಳ ತೆಗ್ದದ್ದು ಯಾರು?"

ಹತ್ತಾರು ವರ್ಷದಿಂದ ಜೊತೆಗಿದ್ದ ಸಹಾಯಕ ರಾಧಾಕೃಷ್ಣ ಸೌತೆಕಾಯಿ ಹೆಚ್ಚುತ್ತಿದ್ದವನು ತಲೆ ಎತ್ತಲಿಲ್ಲ. "ನಾನೇ ಅಣ್ಣ. ಉಕ್ಕಿ ಬರ್ತಾ ಇತ್ತು."

ಹಾಗಾದರೆ ಎಲೆ ಕೆಳಗೆ ಬಿದ್ದಿರಬೇಕು. ಯಜ್ಞೇಶ್ವರ ಬಗ್ಗಿ ನೋಡಿದ. ನೆಲದ ತುಂಬ ಬಾಳೆ ಎಲೆಯ ಚೂರುಗಳು! ಊಟಕ್ಕೆ ಎಲೆ ಕೊಯ್ದು ಸರಿಮಾಡಿದವರು ಅಂಚನ್ನೆಲ್ಲ ಅಲ್ಲೇ ಬಿಸಾಡಿದ್ದರು. ಜೆಂಬರದ ಅಡುಗೆ ಚಪ್ಪರದಲ್ಲಿ ಬಾಳೆ ಎಲೆಯನ್ನೇ ಗುರುತಿಗೆ ಆರಿಸಿಕೊಂಡ ತನ್ನ ಬುದ್ಧಿಗೆ ಏನು ಹೇಳುವುದು! ಉಪ್ಪಿನ ಡಬ್ಬ ನೋಡಿದ. ಉಪ್ಪಿನಕಾಯಿಗೂ ಅದರಿಂದಲೇ ತೆಗೆದದ್ದು, ಅದೂ ಏನೂ ಹೇಳಲಿಲ್ಲ.

ಒಳಗೆ ಮಂತ್ರದ ಸ್ವರ ಏರಿತು. ನೈವೇದ್ಯಕ್ಕೆ ಇನ್ನು ಹೆಚ್ಚು ಹೊತ್ತಿಲ್ಲ.

ರಾಧಾಕೃಷ್ಣ ನೀರು ತರಲು ಬಾವಿಕಟ್ಟೆಗೆ ಹೋದ. ಚಪ್ಪರದಲ್ಲಿ ಯಾರೂ ಇರಲಿಲ್ಲ. ಯಜ್ಞೇಶ್ವರ ಸೌಟು ಅದ್ದಿ ತೆಗೆದ. ಅಂಗೈಗೆ ಒಂದು ತೊಟ್ಟು, ನಾಲಿಗೆಗೆ ಒಂದು ತೊಟ್ಟು ಇಟ್ಟರೆ ಮುಗಿಯಿತು. ಮೀಸೆ ಬಾರದ ಕಾಲದಿಂದ ಒಮ್ಮೆಯೂ ಮಾಡದ್ದು. ತಲೆ ಹೋಯಿತು, ನಿದ್ದೆ ಹೋಯಿತು, ಇನ್ನು ಇದೂ ಹೋದರೆ ತನ್ನದೆನ್ನಲು ಉಳಿಯುವುದೇನು ಎಂದುಕೊಂಡಾಗ ಅಳು ಒತ್ತಿ ಬಂತು. ಸೌಟಿನಲ್ಲಿದ್ದದ್ದನ್ನು ರುಚಿ ನೋಡದೆ ಕೊಪ್ಪರಿಗೆಗೇ ಸುರಿದ.

ರಾಧಾಕೃಷ್ಣ ಕೊಡಪಾನ ಇಳಿಸುವಷ್ಟರಲ್ಲಿ ಬಾಯಿಂದ ಮಾತು ಹೊರಟೇಬಿಟ್ಟಿತು. "ಸಾರಿಗೆ ಉಪ್ಪು ಹಾಕಿದ್ದು ನಂಗೆ ನೆನಪಿಲ್ಲ ಮಾರಾಯ. ತಲೆಗೆ ಪೆಟ್ಟು ಬಿದ್ದಲ್ಲಿಂದ ಹೀಗೆಯೇ. ಎಂತ ಮಾಡಿದ್ರೂ ನಿಲ್ಲುದಿಲ್ಲ."

ರಾಧಾಕೃಷ್ಣನಿಗೆ ಆಶ್ಚರ್ಯವಾಗಲಿಲ್ಲ. ಅವನ ಮುಖ ಬಿಳುಚಿತು. "ನಾನು ಹಾಕಿದೆ ಅಣ್ಣ."

"ನೀನಾ?"

"ಕೌಸಲ್ಯಾ ಅತ್ತಿಗೆ ನಿನ್ನೆ ಫೋನ್ ಮಾಡಿ ಎಲ್ಲ ಹೇಳಿದ್ರು. ನಿಮಗೆ ಗೊತ್ತಾಗದ ಹಾಗೆ ನಿಮ್ಮನ್ನು ನೋಡಿಕೊಳ್ಬೇಕು ಅಂದ್ರು. ನೀವು ತೂಕಡಿಸ್ತಾ ಇದ್ರಿ, ನೀವು ಹಾಕಿದ್ದು ನಾನು ನೋಡಿರ್ಲಿಲ್ಲ. ಹಾಗೆ..." ಅಲ್ಲಿಗೆ ನಿಲ್ಲಿಸಿದ. "ನೀವು ಹಾಕಿದ್ರಾ?"

ಅದು ಗೊತ್ತಿದ್ದರೆ ಇಷ್ಟೆಲ್ಲ ಯಾಕೆ? ಇಬ್ಬರೂ ಕೊಪ್ಪರಿಗೆಯನ್ನು ನೋಡುತ್ತ ನಿಂತರು. ಒಬ್ಬನೇ ಹಾಕಿದ್ದರೆ ಸಾರು ಸರಿ. ಇಬ್ಬರೂ ಹಾಕಿದ್ದರೆ ಬಾಯಿಗಿಡಲಾಗದು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಎಲ್ಲ ಬಗೆಯ ಅಡುಗೆಯೂ ಎಲೆಯ ಮೇಲೆ ಬಡಿಸಿ ದೇವರ ಮುಂದೆ ಹೋಯಿತು. ದೇವರು ಅಡುಗೆಯ ಬಗ್ಗೆ ಈವರೆಗೆ ದೂರು ಹೇಳಿದ್ದಿಲ್ಲ ಎನ್ನುವುದೊಂದೇ ಸಮಾಧಾನ. ಮಂಗಳಾರತಿಯ ಗಂಟೆ ಇವತ್ತು ನಿಲ್ಲುವುದೇ ಇಲ್ಲವೇನೋ ಎನಿಸಿತು.

ನಿಂತ ಕೂಡಲೇ ಯಜ್ಞೇಶ್ವರ ಅಂಗೈಗೆ ಸಾರು ಹೊಯ್ದುಕೊಂಡು ನೆಕ್ಕಿದ. ಕಹಿಯಾಗುವಷ್ಟು ಉಪ್ಪು.

ರಾಧಾಕೃಷ್ಣ ತಲೆಯ ಮೇಲೆ ಕೈಹೊತ್ತು ಕುಳಿತ. ಯಜ್ಞೇಶ್ವರ ಮಾತ್ರ ನಗುತ್ತಿದ್ದ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ನಾನು ಹಾಕಿದ್ದೆ ಮಾರಾಯ! ನಾನು ಮರೆತಿರ್ಲಿಲ್ಲ, ಹಾಕಿದ್ದೆ!" ನಗು ಇಳಿಯುವಾಗ ಅದರ ಅಡಿಯಲ್ಲಿದ್ದದ್ದು ತಾಗಿತು. ಕೈ ತನ್ನ ಕೆಲಸ ಮಾಡಿ ಮುಗಿಸಿತ್ತು, ತಲೆಗೆ ಮಾತ್ರ ಆ ಸುದ್ದಿ ಈಗಲೂ ಮುಟ್ಟಿರಲಿಲ್ಲ.

ಆದರೆ ಕೆಟ್ಟ ಸಾರನ್ನು ನೆಟ್ಟಗೆ ಮಾಡುವುದು ಹಳೆಯ ವಿದ್ಯೆ, ಅದಕ್ಕೇನೂ ಆಗಿರಲಿಲ್ಲ. "ಅರ್ಧ ಸಾರು ಬೇರೆ ಪಾತ್ರೆಗೆ ಸುರಿ. ತೊವ್ವೆಗೆ ಬೇಯ್ಸಿದ ಬೇಳೆ ತಾ. ಬಿಸಿನೀರು, ಟೊಮೆಟೊ, ಒಂದಚ್ಚು ಬೆಲ್ಲ." ಪಂಕ್ತಿ ಕೂರುವ ಹೊತ್ತಿಗೆ ಸಾರು ಸಾರಾಗಿತ್ತು. ಊಟ ಮುಗಿಸಿ ಹರಿಪ್ರಸಾದರು ತಾವೇ ಚಪ್ಪರಕ್ಕೆ ಬಂದರು. "ಸಾರು ಕುಡಿದೇ ಹೊಟ್ಟೆ ತುಂಬಿತು ಮಾರಾಯ್ರೆ. ಬರುವ ವರ್ಷ ಮಗಳ ಮದುವೆಗೂ ನೀವೇ."

ಯಜ್ಞೇಶ್ವರ ಮುಂದಿನ ಪಂಕ್ತಿಯ ಮಜ್ಜಿಗೆಯ ಪಾತ್ರೆಯ ಮುಂದೆ ಮುಷ್ಟಿಯಲ್ಲಿ ಉಪ್ಪು ಹಿಡಿದು ನಿಂತಿದ್ದ. ಒಮ್ಮೆ ಹಾಕಿಯಾಯಿತೇ? ಮತ್ತೆ ಅದೇ ಪ್ರಶ್ನೆ. ಈಗ ರುಚಿ ನೋಡಲು ಅಡ್ಡಿಯಿರಲಿಲ್ಲ. ಅಂಗೈಗೆ ಒಂದು ತೊಟ್ಟು ಸಾಕು, ಹರಿಪ್ರಸಾದರಿಗೆ ಏನೂ ತಿಳಿಯದು, ಬರುವ ವರ್ಷದ ಮದುವೆಯೂ ಉಳಿಯುತ್ತದೆ. ಕೌಸಲ್ಯಾ ಅವನನ್ನು ಗುಟ್ಟಿನಲ್ಲಿ ಕಾಯ್ದಳು, ರಾಧಾಕೃಷ್ಣ ಗುಟ್ಟಿನಲ್ಲಿ ಕಾಯ್ದ, ಆ ಗುಟ್ಟಿನಿಂದಲೇ ಸಾರು ಹಾಳಾದದ್ದು.

ಅವನು ಅವರ ಎದುರಿಗೇ ಗಟ್ಟಿಯಾಗಿ ಕರೆದ. "ರಾಧಾಕೃಷ್ಣಾ, ನಂಗೆ ನೆನಪಿಲ್ಲ. ಮಜ್ಜಿಗೆಗೆ ಉಪ್ಪು ಹಾಕಿದ್ದೇನಾ?"

ಹರಿಪ್ರಸಾದರ ಹುಬ್ಬು ಮೇಲೇರಿತು. ಬಡಿಸುವವರೂ ಇತ್ತ ತಿರುಗಿದರು.

"ಇಲ್ಲ ಅಣ್ಣ" ಎಂದ ರಾಧಾಕೃಷ್ಣ, ಹತ್ತಿರ ಬಂದು ನಿಂತು. "ಈಗ ಹಾಕಿ. ನಾನು ನೋಡ್ತಾ ಇದ್ದೇನೆ."