ಮಡಚದ ಕಾಲು

ಅಂದಾನೆಪ್ಪನಿಗೆ ಮಡಚುವ ಬಲಗಾಲು ಇರಲಿಲ್ಲ. ಬದುಕಿದ್ದಾಗ ಹೇಗೋ ನಡೆದಿತ್ತು. ಈಗ ಅವನನ್ನು ಕೂರಿಸಿ ಮಣ್ಣು ಮಾಡಬೇಕಿತ್ತು.

ರಾಣೆಬೆನ್ನೂರಿನ ಮನೆಯ ಪಡಸಾಲೆಯಲ್ಲಿ ಹೆಣವನ್ನು ಗೋಡೆಗೆ ಆನಿಸಿದ್ದರು. ಎಡಗಾಲು ಮಡಚಿ ಕೂತಿತ್ತು. ಬಲಗಾಲು ನೆಟ್ಟಗೆ ಬಾಗಿಲ ಕಡೆ ಚಾಚಿತ್ತು. ಬಂದವರೆಲ್ಲ ಅದನ್ನು ಸುತ್ತುಹಾಕಿ ಒಳಗೆ ಬರುತ್ತಿದ್ದರು. ತಮ್ಮ ಭರಮಣ್ಣ ಆ ಮೊಣಕಾಲಿನ ಮೇಲೆ ಎರಡು ಸಲ ಭಾರ ಹಾಕಿ ಸೋತಿದ್ದ.

"ಕುಣಿ ಅಳತಿ ಹಿಡದು ತಗದಾರ. ಹಿಂಗ ಒಯ್ದರ ಹಿಡಿಯಂಗಿಲ್ಲ," ಎಂದ.

ಅಷ್ಟರಲ್ಲಿ ಬ್ಯಾಡಗಿಯ ಹಾಲೇಶಪ್ಪ ಬಂದು ಬಾಗಿಲಲ್ಲಿ ನಿಂತ. ಎಪ್ಪತ್ತು ದಾಟಿತ್ತು, ಕೈಗಳು ಇನ್ನೂ ಗಟ್ಟಿ.

"ಬಾ ಹಾಲೇಶಿ. ಕಾಲು ಹಿಡಿಯೂದ್ರಾಗ ನಿನ್ನ ಬಿಟ್ರ ಯಾರದಾರ? ನೀ ಮುರದದ್ದು, ನೀನ ಮಡಚು," ಎಂದ ಭರಮಣ್ಣ.

ಯಾರೋ ನಕ್ಕರು. ಹೆಣದ ಪಕ್ಕದಲ್ಲಿದ್ದ ಹೆಂಡತಿ ಮುತ್ತವ್ವನನ್ನು ನೋಡಿ ಸುಮ್ಮನಾದರು.

* * *

೧೯೭೯ರಲ್ಲಿ ಹಾವೇರಿಯಲ್ಲಿ ಕಬಡ್ಡಿ ಫೈನಲ್. ರಾಜ್ಯ ತಂಡಕ್ಕೆ ಆರಿಸುವವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಆರು ವರ್ಷದಿಂದ ಅಂದಾನೆಪ್ಪ ರೈಡಿಗೆ ಹೊರಟರೆ ಜನ ಮರ ಹತ್ತಿ ನೋಡುತ್ತಿದ್ದರು. ಅವತ್ತು ಕೊನೆಯ ರೈಡಿನಲ್ಲಿ ಎದುರು ತಂಡದ ಹಾಲೇಶಪ್ಪ ಅವನ ಬಲ ಪಾದ ಹಿಡಿದ. ಅಂದಾನೆಪ್ಪ ತೆವಳುತ್ತ ನಡುಗೆರೆಯ ಕಡೆ ಕೈ ಚಾಚಿದ. ದಮ್ಮು ಮುರಿಯಿತು, ಅಂಪೈರ್ ಸೀಟಿ ಊದಿದ. ಆಮೇಲೆ ಮೊಣಕಾಲು ಹೋಯಿತು.

ಆಟದ ಭರದಲ್ಲಿ ಆದದ್ದು ಎಂದು ಎಲ್ಲರೂ ಅಂದರು. ಅಂದಾನೆಪ್ಪನೂ ಹಾಗೇ ಅನ್ನುತ್ತಿದ್ದ. ಬೀಜದ ಅಂಗಡಿಯಲ್ಲಿ ನಿಂತೇ ಕೆಲಸ ಮಾಡಿದ. ಆದರೆ ಮಧ್ಯಾಹ್ನ ಊಟವಾಗಿ ಕಣ್ಣು ಹತ್ತಿದರೆ ಸಾಕು, ಕಾಲು ಅದುರುತ್ತಿತ್ತು. "ಸೀಟಿ ಊದ್ಯಾರ. ಬಿಡಲೇ," ಎಂದು ಕನವರಿಸುತ್ತಿದ್ದ. ಮದುವೆಯಾದ ವಾರದಿಂದ ಮುತ್ತವ್ವ ಅದನ್ನು ಕೇಳಿದ್ದಳು. ಯಾರಿಗೆ ಹೇಳುತ್ತಾನೆಂದು ಗೊತ್ತಿತ್ತು. ಹಾಲೇಶಪ್ಪನಿಗೆ ಸೀಟಿ ಕೇಳಿಸಿತ್ತೋ ಇಲ್ಲವೋ ಎಂಬುದೊಂದು ಗೊತ್ತಿರಲಿಲ್ಲ.

* * *

ಹಾಲೇಶಪ್ಪ ಮಂಡಿಯೂರಿದ. ಒಂದು ಕೈಯಲ್ಲಿ ಪಾದ ಹಿಡಿದು ಇನ್ನೊಂದನ್ನು ಮೊಣಕಾಲಿನ ಮೇಲಿಟ್ಟ. ಬೆರಳುಗಳು ತಮ್ಮ ಹಳೆಯ ಜಾಗಕ್ಕೇ ಹೋದವು. ಒತ್ತಿದ. ಒಳಗೆ ಏನೋ ಲಟಕ್ ಎಂದಿತು.

"ಇನ್ನೊಂದೀಟು," ಎಂದ ಭರಮಣ್ಣ.

"ಸೀಟಿ ಊದ್ಯಾರ. ಬಿಡಲೇ."

ಹೇಳಿದವಳು ಮುತ್ತವ್ವ. ಆ ಗಿಡ್ಡ ಉಸಿರು, ಆ ಏಕವಚನ ಮಾತ್ರ ಅವಳದ್ದಲ್ಲ, ಗಂಡನದು. ಹಾಲೇಶಪ್ಪ ಅವಳ ಕಡೆ ನೋಡಲಿಲ್ಲ. ಹೆಣದ ಬಾಯಿಯನ್ನೇ ನೋಡಿದ.

"ಅವತ್ತು ನಿಮಗ ಕೇಳಿಸಿತ್ತೇನ್ರಿ ಅಣ್ಣಾರ?" ಈಗ ಅವಳ ದನಿಯೇ.

"ಈಗ್ಯಾಕ ಅದು, ವೈನಿ. ಹೊತ್ತಾಗಾಕತ್ತೇತಿ," ಎಂದ ಭರಮಣ್ಣ.

"ಕೇಳಿಸಿತ್ತವಾ," ಎಂದ ಹಾಲೇಶಪ್ಪ. "ಕೇಳಿಸಿದ ಮ್ಯಾಲೆ ತಿರುವಿದೆ. ನಮ್ಮಿಬ್ಬರಾಗ ಒಬ್ಬನ್ನ ರಾಜ್ಯ ತಂಡಕ್ಕ ತಗೊಳ್ಳೋರಿದ್ರು."

ಮುತ್ತವ್ವ ಗಂಡನ ಕಾಲಿನ ಮೇಲೆ ಧೋತರ ಎಳೆದಳು. "ಕಾಲು ಮುಟ್ಟಬ್ಯಾಡ್ರಿ. ಕುಣಿ ಉದ್ದ ಮಾಡ್ರಿ."

ಹಾಲೇಶಪ್ಪನೇ ಹೊಲಕ್ಕೆ ಹೋಗಿ ಕುಣಿಗಿಳಿದು ಗುದ್ದಲಿ ಹಿಡಿದ. ಎಡಗೈಯಲ್ಲಿ ಇಷ್ಟಲಿಂಗ ಹಿಡಿದ ಹೆಣವನ್ನು ಇಳಿಸಿದಾಗಲೂ ಅವನು ಕೆಳಗೇ ಇದ್ದ. ಚಾಚಿದ ಪಾದವನ್ನು ತಾನು ತೋಡಿದ ಸಂದಿಯಲ್ಲಿ ಇಟ್ಟ. ತುದಿಬೆರಳು ಎದುರಿನ ಮಣ್ಣಿಗೆ ತಾಗಿತು. ಅವನು ಕೈ ತೆಗೆಯಲು ತಡವಾಯಿತು.

"ಬಿಟ್ಟು ಮ್ಯಾಲ ಬಾ," ಎಂದು ಭರಮಣ್ಣ ಎರಡು ಸಲ ಕೂಗಬೇಕಾಯಿತು.

ಆ ಕಾಲು ಆಡಿದ್ದು ಆರು ವರ್ಷ. ಮಡಚದೆ ಕಳೆದದ್ದು ನಲವತ್ತಾರು.